ಮೌಸ್ ಓಡಿಸಿದರೆ ಸ್ಪೀಕರ್ ಯಾಕೆ ಚಿರ್ರ್ ಅನ್ನುತ್ತೆ?

ಹಾಡು ನಿಲ್ಲಿಸಿದ್ದೀರಿ. ಸ್ಪೀಕರ್ ಆನ್ ಇದೆ. ಏನೋ ಓದುತ್ತಾ ಮೌಸ್‌ನ ಚಕ್ರ ತಿರುಗಿಸುತ್ತೀರಿ, ಆಗ ಸ್ಪೀಕರಿನ ಒಳಗಿಂದ ಸಣ್ಣಗೆ 'ಚಿರ್ರ್' ಅಂತ ಒಂದು ಸದ್ದು. ಚಕ್ರ ನಿಂತರೆ ಸದ್ದೂ ನಿಲ್ಲುತ್ತದೆ. ಮತ್ತೆ ತಿರುಗಿಸಿದರೆ ಮತ್ತೆ ಚಿರ್ರ್. ಇದನ್ನು ಒಮ್ಮೆ ಗಮನಿಸಿದಿರೋ ಮುಗೀತು, ಆಮೇಲೆ ಕಿವಿ ಅದನ್ನೇ ಹುಡುಕುತ್ತಿರುತ್ತದೆ. ನಮ್ಮ ಮನೆಯಲ್ಲಿ ಇದು ಗೊತ್ತಾಗಿದ್ದು ಹಳೆಯ ಪ್ಲಾಸ್ಟಿಕ್ ಸ್ಪೀಕರ್ ತೆಗೆದು ಒಂದು ಜೊತೆ ಒಳ್ಳೆಯ ಸ್ಪೀಕರ್ ಮೇಜಿನ ಮೇಲೆ ಇಟ್ಟ ಮೇಲೆ. ಅಂದರೆ ಸದ್ದು ಮೊದಲಿಂದಲೂ ಇತ್ತು. ಅದನ್ನು ಕೇಳಿಸುವ ಯೋಗ್ಯತೆ ಹಳೆಯದಕ್ಕೆ ಇರಲಿಲ್ಲ, ಅಷ್ಟೇ.

ಇಂಥ ಹೊತ್ತಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು. ಮದರ್‌ಬೋರ್ಡಿನ (ಕಂಪ್ಯೂಟರಿನ ಒಳಗಿನ ಮುಖ್ಯ ಹಲಗೆಯ) ಆಡಿಯೋ ಸರಿ ಇರಲ್ಲ, ಒಳ್ಳೆ ಸೌಂಡ್ ಕಾರ್ಡ್ (ಧ್ವನಿಯ ಕೆಲಸಕ್ಕೇ ಅಂತ ಇರುವ ಬೇರೆ ಸಾಧನ) ಹಾಕು. ಯಾವುದು ಒಳ್ಳೆಯದು ಅಂತ ಕೇಳಿದರೆ ಮೊದಲು ಚಿಪ್ಪಿನ ಹೆಸರು ಬರುತ್ತದೆ, ಅದರ ಹಿಂದೆ 24 ಬಿಟ್, 32 ಬಿಟ್, 192 ಕಿಲೋಹರ್ಟ್ಜ್, 384 ಕಿಲೋಹರ್ಟ್ಜ್ ಅಂತ ಅಂಕಿಗಳ ಸಾಲು. ಬಿಟ್ ಅಂದರೆ ಧ್ವನಿಯನ್ನು ಎಷ್ಟು ಸೂಕ್ಷ್ಮವಾಗಿ ಅಳೆದಿದೆ ಅನ್ನುವ ಲೆಕ್ಕ, ಕಿಲೋಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆದಿದೆ ಅನ್ನುವ ಲೆಕ್ಕ. ಈ ಅಂಕಿಗಳಲ್ಲಿ ಒಂದಕ್ಕೂ ಮೌಸ್‌ನ ಚಿರ್ರ್‌ಗೂ ಸಂಬಂಧವಿಲ್ಲ. ಸ್ಟೀರಿಯೋ ಸ್ಪೀಕರಿಗೆ ಕಾರ್ಡ್ ಆರಿಸುವಾಗ ಮೊದಲು ನೋಡಬೇಕಾದ್ದು ಅದರ ಹಿಂಬದಿಯ ತೂತುಗಳನ್ನು ಅಂತ ನನ್ನ ಅಭಿಪ್ರಾಯ. ಒಳಗಿನ ಚಿಪ್ಪಿಗೆ ಆಮೇಲೆ ಬರೋಣ. ಬರದಿದ್ದರೂ ದೊಡ್ಡ ನಷ್ಟವೇನಿಲ್ಲ.

ಎಸ್‌ಪಿ ರೋಡಿನಲ್ಲಿ

ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನ ಬಗ್ಗೆ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಗಾಡಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಅರ್ಧ ಉತ್ಸಾಹ ಇಳಿದಿರುತ್ತದೆ. ನಾನು ಹೋಗಿದ್ದು ಮೇಲಿನ ಮಹಡಿಯ ಒಂದು ಸಣ್ಣ ಅಂಗಡಿಗೆ. ಮೆಟ್ಟಿಲಲ್ಲಿ ಇಬ್ಬರು ಎದುರಾದರೆ ಒಬ್ಬರು ವಾಪಸ್ ಇಳಿಯಬೇಕು. ಕೆಳಗೆ ತಳ್ಳುಗಾಡಿಯವನ ಕೂಗು, ಬೈಕುಗಳ ಹಾರ್ನು. ಮೇಲೆ ಕೌಂಟರಿನ ಮೇಲೆ ಒಂದು ಜೊತೆ ಸ್ಪೀಕರ್, ಪಕ್ಕದಲ್ಲಿ ಕೇಬಲ್‌ಗಳ ರಾಶಿ.

"ಗೇಮಿಂಗಾ ಸಾರ್, ಮ್ಯೂಸಿಕ್ಕಾ?" ಅಂದರು ಅಂಗಡಿಯವರು. ಮ್ಯೂಸಿಕ್ ಅಂದೆ. ಅವರು ಸೌಂಡ್ ಕಾರ್ಡಿನ ಕೆಲಸ ಮಾಡುವ ಎರಡು ಯುಎಸ್‌ಬಿ ಡಬ್ಬಿ ತೆಗೆದಿಟ್ಟರು. ಒಂದು ಅಗ್ಗದ್ದು, ಇನ್ನೊಂದು ಅದರ ಮೂರ್ನಾಲ್ಕು ಪಟ್ಟು. ಒಂದೇ ಹಾಡು, ಮೊದಲು ಇದರಲ್ಲಿ, ಆಮೇಲೆ ಅದರಲ್ಲಿ. "ಡಿಫರೆನ್ಸ್ ಗೊತ್ತಾಯ್ತಾ ಸಾರ್?" ಗೊತ್ತಾಯಿತು. ಚೆನ್ನಾಗೇ ಗೊತ್ತಾಯಿತು. ದುಬಾರಿ ಡಬ್ಬಿಯಲ್ಲಿ ತಬಲಾಕ್ಕೆ ತೂಕ ಬಂದಿತ್ತು, ಹಾಡುವವರು ಒಂದು ಹೆಜ್ಜೆ ಮುಂದೆ ಬಂದು ನಿಂತಂತಿತ್ತು. ಆ ಅಂಗಡಿಯಲ್ಲಿ ಆ ಗದ್ದಲದಲ್ಲಿ ನಿಂತ ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ಅವರು ಮೋಸವನ್ನೇನೂ ಮಾಡುತ್ತಿರಲಿಲ್ಲ. ಒಂದು ಡಬ್ಬಿಯಿಂದ ಜಾಸ್ತಿ ಅಂದರೆ 1 ವೋಲ್ಟ್ ಬರುತ್ತಿತ್ತು, ಇನ್ನೊಂದರಿಂದ 2 ವೋಲ್ಟ್. ಎರಡು ಪಟ್ಟು ವೋಲ್ಟೇಜ್ ಅಂದರೆ 6 ಡೆಸಿಬೆಲ್ (ಸದ್ದಿನ ಅಳತೆ) ಜಾಸ್ತಿ ಸದ್ದು. ಸ್ಪೀಕರಿನ ಗುಂಡಿಯನ್ನು ಯಾರೂ ಮುಟ್ಟಲಿಲ್ಲ, ಹಾಗಾಗಿ ಎರಡನೆಯದು ಜೋರಾಗಿ ಕೇಳಿತು. ಜೋರಾಗಿ ಕೇಳಿದ್ದನ್ನು ನಮ್ಮ ಕಿವಿ 'ಜೋರು' ಅಂತ ಹೇಳುವುದಿಲ್ಲ, 'ಚೆನ್ನಾಗಿದೆ' ಅಂತ ಹೇಳುತ್ತದೆ. ಸದ್ದು ಏರಿದಷ್ಟೂ ತಗ್ಗಿನ ಸ್ವರಗಳು, ತೀರಾ ಮೇಲಿನ ಸ್ವರಗಳು ನಮಗೆ ತುಂಬಿಕೊಂಡು ಕೇಳುತ್ತವೆ. ಕಿವಿಯೇ ಹಾಗಿದೆ. ಹಳೆಯ ಆಂಪ್ಲಿಫೈಯರುಗಳಲ್ಲಿ 'ಲೌಡ್‌ನೆಸ್' ಅಂತ ಒಂದು ಗುಂಡಿ ಇರುತ್ತಿದ್ದದ್ದೂ ಇದಕ್ಕೇ, ಕಡಿಮೆ ಸದ್ದಿನಲ್ಲಿ ಬಡಕಲಾಗುವ ತಗ್ಗನ್ನು ತುಂಬಿಕೊಡಲು.

ಆದರೆ ಅಂಗಡಿಯವರು ಆ ದಿನ ಇನ್ನೊಂದು ಪ್ರಶ್ನೆ ಕೇಳಿದರು. "ನಿಮ್ ಸ್ಪೀಕರ್ ಹಿಂದೆ ಯಾವ ಪಿನ್ ಇದೆ ಸಾರ್?" ನಾನು ಫೋನಿನಲ್ಲಿ ಫೋಟೋ ತೋರಿಸಿದೆ. ಕೆಂಪು-ಬಿಳಿ ತೂತುಗಳು, ಆರ್‌ಸಿಎ ಅನ್ನುತ್ತಾರೆ, ಒಂದು ಕಡೆ. ಪಕ್ಕದಲ್ಲಿ ದಪ್ಪ ಪಿನ್ನಿನ ತೂತು, ಮೈಕ್‌ಸೆಟ್‌ನವರು ಪಿ-38 ಅನ್ನುತ್ತಾರಲ್ಲ, ಆ ಅಳತೆಯದು. ಅವರು ಎರಡೂ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ, "ಹಂಗಾದ್ರೆ ಇದ್ಯಾವ್ದೂ ಬೇಡ ಬಿಡಿ" ಅಂದರು. ಸೌಂಡ್ ಕಾರ್ಡಿನ ಬಗ್ಗೆ ನಾನು ಓದಿದ ಎಷ್ಟೋ ಪುಟಗಳಲ್ಲಿ ಇಷ್ಟು ಉಪಯೋಗದ ಮಾತು ಸಿಕ್ಕಿರಲಿಲ್ಲ.

ಕಾರ್ಡಿನ ಮೇಲೆ ನಮಗೆ ಇಷ್ಟು ನಂಬಿಕೆ ಯಾಕೆ

ಒಂದು ಕಾಲಕ್ಕೆ ಈ ನಂಬಿಕೆ ಸರಿಯಾಗಿಯೇ ಇತ್ತು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ತಂದಾಗ ಬಹುಪಾಲು ಪಿಸಿಗಳಿಗೆ ಬೀಪ್ ಬಿಟ್ಟು ಬೇರೆ ದನಿಯೇ ಇರಲಿಲ್ಲ. 1992ರ ಸೌಂಡ್ ಬ್ಲಾಸ್ಟರ್ 16 ಬಂದ ಮೇಲೆ ಸಿಡಿಯ ಮಟ್ಟದ ಸ್ಟೀರಿಯೋ ಸಾಧ್ಯವಾಯಿತು. ನಮ್ಮ ಕಡೆ 'ಮಲ್ಟಿಮೀಡಿಯಾ ಪಿಸಿ' ಅಂತ ಬೋರ್ಡು ಹಾಕಿ ಮಾರುತ್ತಿದ್ದ ಕಾಲ ನೆನಪಿದೆಯಲ್ಲ, ಸಿಡಿ ಡ್ರೈವು, ಸೌಂಡ್ ಕಾರ್ಡು, ಎರಡು ಸ್ಪೀಕರು ಸೇರಿದರೆ ಮಲ್ಟಿಮೀಡಿಯಾ. ಆಗ ಕಾರ್ಡ್ ಇಲ್ಲದೆ ಹಾಡು ಇಲ್ಲ.

1997ರಲ್ಲಿ ಇಂಟೆಲ್ ಎಸಿ'97 ಅನ್ನುವ ಮಾನದಂಡ ತಂದಿತು. ಧ್ವನಿಯ ಕೆಲಸ ಮದರ್‌ಬೋರ್ಡಿನ ಮೇಲೆಯೇ ಒಂದು ಸಣ್ಣ ಚಿಪ್ಪಿಗೆ ಹೋಯಿತು. ಶುರುವಿನ ಆ ಬೋರ್ಡುಗಳಲ್ಲಿ ಹಿಸ್ ಇರುತ್ತಿತ್ತು, ಒರಟು ಇರುತ್ತಿತ್ತು. 'ಆನ್‌ಬೋರ್ಡ್ ಅಂದ್ರೆ ಕಳಪೆ' ಅನ್ನುವ ಮಾತು ಹುಟ್ಟಿದ್ದು ಆಗ. 2004ರಲ್ಲಿ ಅದರ ಜಾಗಕ್ಕೆ ಎಚ್‌ಡಿ ಆಡಿಯೋ ಅನ್ನುವ ಮಾನದಂಡ ಬಂತು, ಚಿಪ್ಪುಗಳು ಸುಧಾರಿಸಿದವು, ಮಾತು ಮಾತ್ರ ಹಾಗೇ ಉಳಿಯಿತು. ತಮಾಷೆ ಅಂದರೆ, ಆ ಕಾಲದ ಹೆಸರಾಂತ ಕಾರ್ಡುಗಳೂ ಹಾಡು ಕೇಳುವವರಿಗೆ ಅಂಥಾ ಆದರ್ಶವೇನಲ್ಲ. 1998ರ ಸೌಂಡ್ ಬ್ಲಾಸ್ಟರ್ ಲೈವ್ ತನ್ನ ಒಳಗೆ ಎಲ್ಲವನ್ನೂ 48 ಕಿಲೋಹರ್ಟ್ಜ್‌ಗೆ ಬದಲಿಸಿಕೊಂಡೇ ನುಡಿಸುತ್ತಿತ್ತು. ಸಿಡಿ ಇರುವುದು 44.1ರಲ್ಲಿ. ಅದನ್ನು ಕೊಂಡವರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇರಲಿಲ್ಲ, ಸಂತೋಷವಾಗಿ ಹಾಡು ಕೇಳಿದರು. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಕಾರ್ಡಿನ ಯಂತ್ರಾಂಶಕ್ಕೆ ನೇರವಾಗಿ ಕೆಲಸ ಕೊಡುವ ಹಳೆಯ ದಾರಿಯೂ ಮುಚ್ಚಿತು. ಅಲ್ಲಿಗೆ ಕಂಪ್ಯೂಟರಿನ ಒಳಗೆ ಕೂರುವ ಕಾರ್ಡಿನ ಸುವರ್ಣಯುಗ ಹೆಚ್ಚುಕಡಿಮೆ ಮುಗಿಯಿತು. ಇವತ್ತು ಸೌಂಡ್ ಕಾರ್ಡ್ ಅಂದರೆ ಬಹುತೇಕ ಯುಎಸ್‌ಬಿ ವೈರಿನ ತುದಿಯ ಡಬ್ಬಿ. ಡ್ಯಾಕ್ ಅನ್ನಿ, ಇಂಟರ್‌ಫೇಸ್ ಅನ್ನಿ, ಕೆಲಸ ಅದೇ, ಕಂಪ್ಯೂಟರಿನ ಅಂಕಿಗಳನ್ನು ಧ್ವನಿ ಮಾಡುವುದು.

ಮಲ್ಟಿಮೀಟರ್ ಹಿಡಿದ ಅಂಕಲ್

ಜಾಲಹಳ್ಳಿಯಲ್ಲಿ ನನ್ನ ಗೆಳೆಯನ ಅಪ್ಪ ಇದ್ದಾರೆ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮನೆಯಲ್ಲಿ ಯಾವುದೇ ವಸ್ತು ಕೆಟ್ಟರೂ ಮೊದಲು ಅದರ ಹಿಂಬದಿಯ ಸ್ಕ್ರೂ ಬಿಚ್ಚುತ್ತಾರೆ. ಗೆಳೆಯ ಹೊಸದಾಗಿ ಒಂದು ಡ್ಯಾಕ್ ತಂದಿದ್ದ. ಬಾ ಮಗಾ ಕೇಳು, ಆಕಾಶ ಭೂಮಿ ವ್ಯತ್ಯಾಸ ಅಂತ ಭಾನುವಾರ ಕರೆದ. ಹೋದೆ. ಆಂಟಿ ಉಪ್ಪಿಟ್ಟು ಕೊಟ್ಟರು. ಇವನು ಮದರ್‌ಬೋರ್ಡಿನ ಜ್ಯಾಕಿನಿಂದ ಒಂದು ವೀಣೆ ಕಚೇರಿ ಹಾಕಿದ, ಆಮೇಲೆ ಕೇಬಲ್ ಬದಲಿಸಿ ಡ್ಯಾಕಿನಿಂದ ಹಾಕಿದ. ಹೌದಲ್ಲ, ಚೆನ್ನಾಗಿದೆ ಅಂದೆ.

ಅಂಕಲ್ ಪೇಪರ್ ಮಡಿಸಿ ಎದ್ದು ಬಂದರು. "ನೋಡಪ್ಪ, ಮೊದಲು ಎರಡರ ಮಟ್ಟ ಒಂದೇ ಮಾಡಿ. ಆಮೇಲೆ ಚೆನ್ನಾಗಿದೆಯೋ ಇಲ್ಲವೋ ಹೇಳಿ." ಒಳಗಿಂದ ಮಲ್ಟಿಮೀಟರ್ ತಂದರು. ಕಂಪ್ಯೂಟರಿನಲ್ಲಿ 100 ಹರ್ಟ್ಜ್‌ನ ಒಂದೇ ಸ್ವರ ಹಾಕಿಸಿದರು. ಯಾಕೆ 100 ಅಂತ ಕೇಳಿದ್ದಕ್ಕೆ, ಮನೆಯಲ್ಲಿ ಬಳಸುವ ಮೀಟರುಗಳು ಮಾಡಿರುವುದು ಕರೆಂಟಿನ 50 ಹರ್ಟ್ಜ್ ಅಳೆಯಲು, ತುಂಬಾ ಮೇಲಿನ ಸ್ವರ ಕೊಟ್ಟರೆ ಸುಳ್ಳು ಹೇಳುತ್ತವೆ ಅಂದರು. ಕೇಬಲ್ಲಿನ ತುದಿಗೆ ಮೀಟರಿನ ಮೊನೆ ಹಿಡಿದು, ಎರಡರಿಂದಲೂ ಒಂದೇ ವೋಲ್ಟೇಜ್ ಬರುವ ತನಕ ಮಗನ ಕೈಲಿ ವಾಲ್ಯೂಮ್ ಏರಿಸಿ ಇಳಿಸಿ ಮಾಡಿಸಿದರು. ಇದಕ್ಕೇ ಕಾಲು ಗಂಟೆ ಹಿಡಿಯಿತು. ಗೆಳೆಯನ ಮುಖದಲ್ಲಿ ಅಸಹನೆ. ನನಗೆ ಮಜಾ.

ಆಮೇಲೆ ಪರೀಕ್ಷೆ. ಅಂಕಲ್ ಮೇಜಿನ ಹಿಂದೆ ಕೂತು ಕೇಬಲ್ ಬದಲಿಸುವುದು, ಕೆಲವು ಸಲ ಬದಲಿಸಿದ ಹಾಗೆ ಮಾಡಿ ಬದಲಿಸದೇ ಇರುವುದು. ನಾವಿಬ್ಬರೂ ಗೋಡೆ ಕಡೆ ಮುಖ ಮಾಡಿ ಹಾಳೆಯಲ್ಲಿ ಬರೆಯುವುದು, ಮಾತಾಡುವ ಹಾಗಿಲ್ಲ. ವೀಣೆ ಆಯಿತು, ಮೃದಂಗದ ತನಿ ಆಯಿತು, ಒಂದು ಪಾಶ್ಚಾತ್ಯ ವಾದ್ಯಮೇಳವೂ ಆಯಿತು. ಕೊನೆಗೆ ಹಾಳೆ ನೋಡಿದರೆ ನಮ್ಮ ಉತ್ತರಗಳು ನಾಣ್ಯ ಚಿಮ್ಮಿ ಬರೆದಂತಿದ್ದವು. ಆಕಾಶ ಭೂಮಿ ಎರಡೂ ಒಂದೇ ಮನೆಯಲ್ಲಿ ಕೂತಿದ್ದವು.

ಅಂಕಲ್ ಅಲ್ಲಿಗೆ ಬಿಡಲಿಲ್ಲ. ಇನ್ನೊಂದು ಸುತ್ತು ಅಂದರು. ಈ ಸಲ ಯಾವುದು ಇಷ್ಟವಾಯಿತು ಅಂತ ಮಾತ್ರ ಬರೆಯಿರಿ ಅಂದರು. ಇಬ್ಬರೂ ಹೆಚ್ಚುಕಡಿಮೆ ಒಂದೇ ಕಡೆ ಬಿದ್ದೆವು, ಈಗ ಡ್ಯಾಕ್ ಗೊತ್ತಾಗ್ತಿದೆ ಕಣೋ ಅಂತ ಗೆಳೆಯ ಖುಷಿಯಾದ. ನಮಗೆ ಇಷ್ಟವಾಗಿದ್ದು ಮದರ್‌ಬೋರ್ಡ್. ಅದರ ವಾಲ್ಯೂಮನ್ನು ಅವರು ಒಂದು ಡೆಸಿಬೆಲ್‌ನಷ್ಟು ಏರಿಸಿಟ್ಟಿದ್ದರು. 'ಇದು ಜೋರಾಗಿದೆ' ಅಂತ ನಮ್ಮಿಬ್ಬರಲ್ಲಿ ಒಬ್ಬರೂ ಬರೆದಿರಲಿಲ್ಲ. ಗೆಳೆಯ 'ದನಿ ಬಿಚ್ಚಿಕೊಂಡಿದೆ' ಅಂತ ಬರೆದಿದ್ದ.

ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿದವರೂ ಇದ್ದಾರೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಅನ್ನುವ ಇಬ್ಬರು ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಹೈ ರೆಸಲ್ಯೂಷನ್, ಅಂದರೆ ಸಿಡಿಗಿಂತ ಸೂಕ್ಷ್ಮವಾಗಿ ಧ್ವನಿ ತುಂಬಿದ, ಡಿಸ್ಕನ್ನು ಒಮ್ಮೆ ನೇರವಾಗಿ, ಒಮ್ಮೆ ಸಿಡಿಯ 16 ಬಿಟ್ 44.1ರ ಮೂಲಕ ಹಾಯಿಸಿ ಕೇಳಿಸಿದರು. ಸಾಮಾನ್ಯ ಮಟ್ಟದ ಸದ್ದಿನಲ್ಲಿ ಕೇಳುಗರಿಗೆ ಎರಡನ್ನೂ ಬೇರೆ ಮಾಡಲು ಆಗಲಿಲ್ಲ. ಎದುರು ಪಕ್ಷದ ಮಾತನ್ನೂ ಹೇಳಬೇಕು. 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಸರಿ ಉತ್ತರ ಶೇಕಡ 52ರ ಆಸುಪಾಸು ಬಂತು. ಸುಮ್ನೆ ಊಹಿಸಿದರೆ 50. ಇದೆ, ಆದರೆ ಇಷ್ಟೇ ಇದೆ. ಆ ಎರಡಕ್ಕೆ ನನ್ನ ಜೇಬಿನಿಂದ ಎಷ್ಟು ಕೊಡಬೇಕು ಅನ್ನುವುದು ನನಗೆ ಸ್ಪಷ್ಟವಾಗಿದೆ. ನಿಮ್ಮ ಜೇಬು ನಿಮ್ಮದು.

ಹಾಗಾದರೆ ಆ ಚಿರ್ರ್?

ಇಲ್ಲೇ ವಿಷಯ ರುಚಿಯಾಗುವುದು. ರಿಯಲ್‌ಟೆಕ್‌ನ ಎಎಲ್‌ಸಿ1220 ಅನ್ನುವ ಚಿಪ್ ಎಷ್ಟೋ ಮದರ್‌ಬೋರ್ಡುಗಳಲ್ಲಿ ಇದೆ. ಹಾಡಿಗೂ ಗೊಣಗಾಟಕ್ಕೂ ನಡುವಿನ ಅಂತರ 120 ಡೆಸಿಬೆಲ್ ಅಂತ ಅದು ಹೇಳಿಕೊಳ್ಳುತ್ತದೆ. ಸಿಡಿಯ 16 ಬಿಟ್ಟಿಗೆ ಬೇಕಾದ್ದು 96. ಕಾಗದದ ಮೇಲೆ ಬೇಕಾದ್ದಕ್ಕಿಂತ ಜಾಸ್ತಿ. ಅಂಥ ಬೋರ್ಡಿನಲ್ಲೂ ಮೌಸ್ ತಿರುಗಿಸಿದರೆ ಚಿರ್ರ್ ಅನ್ನಬಹುದು. ಯಾಕೆಂದರೆ ಸದ್ದು ಹುಟ್ಟುವುದು ಆ ಚಿಪ್ಪಿನಲ್ಲಿ ಅಲ್ಲವೇ ಅಲ್ಲ.

ಪುಟ ಸರಿದಾಗ ಗ್ರಾಫಿಕ್ಸ್ ಕಾರ್ಡು, ಪ್ರೊಸೆಸರು ಒಮ್ಮೆಲೇ ಕರೆಂಟ್ ಎಳೆಯುತ್ತವೆ, ಬಿಡುತ್ತವೆ. ಆ ಕರೆಂಟ್ ವಾಪಸ್ ಹೋಗುವ ಗ್ರೌಂಡ್ ದಾರಿಯಲ್ಲಿ ಚೂರೇ ಚೂರು ವೋಲ್ಟೇಜ್ ಏಳುತ್ತದೆ. ನಾವು ಮಾಮೂಲಿ ಬಳಸುವ ಆರ್‌ಸಿಎ ಅಥವಾ 3.5 ಮಿಲಿಮೀಟರ್ ಕೇಬಲಿನಲ್ಲಿ ಹಾಡು ಬರುವುದು ನಡುವಿನ ತಂತಿಯಲ್ಲಿ, ವಾಪಸ್ ಹೋಗುವುದು ಸುತ್ತಲಿನ ಜಾಲರಿಯಲ್ಲಿ. ಆ ಜಾಲರಿಯೇ ಕಂಪ್ಯೂಟರಿನ ಗ್ರೌಂಡಿಗೂ ಸ್ಪೀಕರಿನ ಗ್ರೌಂಡಿಗೂ ಸೇತುವೆ. ಎರಡೂ ಬೇರೆ ಬೇರೆ ತ್ರೀ ಪಿನ್ನಿನಿಂದ ಅರ್ತ್ ಆಗಿದ್ದರೆ ಒಂದು ಸುತ್ತು ಪೂರ್ತಿಯಾಗುತ್ತದೆ. ಆ ಸುತ್ತಿನಲ್ಲಿ ಓಡುವ ಕಸವೆಲ್ಲ, ಕಂಪ್ಯೂಟರಿನ ಚಿರ್ರ್, ಕರೆಂಟಿನ ಗುಂಯ್, ಹಾಡಿನ ಜೊತೆ ಸೇರಿಕೊಳ್ಳುತ್ತದೆ. ಸ್ಪೀಕರಿಗೆ ಇದು ಹಾಡು, ಇದು ಕಸ ಅಂತ ಗೊತ್ತಾಗುವುದಿಲ್ಲ.

ಈಗ ದುಬಾರಿ ಯುಎಸ್‌ಬಿ ಡ್ಯಾಕ್ ತಂದಿರಿ ಅಂದುಕೊಳ್ಳಿ. ಯುಎಸ್‌ಬಿ ಕೇಬಲಿನಲ್ಲೂ ಗ್ರೌಂಡ್ ತಂತಿ ಇದೆ. ಡ್ಯಾಕಿನಿಂದ ಸ್ಪೀಕರಿಗೆ ಅದೇ ಆರ್‌ಸಿಎ. ಸುತ್ತು ಹಾಗೇ ಇದೆ, ನಡುವೆ ಒಂದು ಚೆಂದದ ಡಬ್ಬಿ ಬಂದು ಕೂತಿದೆ. ಕೆಲವರ ಮನೆಯಲ್ಲಿ ಸದ್ದು ಕಡಿಮೆಯಾಗುತ್ತದೆ, ಕೆಲವರ ಮನೆಯಲ್ಲಿ ಒಂದಿಷ್ಟೂ ಆಗುವುದಿಲ್ಲ. ಅದೇ ಡಬ್ಬಿಯನ್ನು ಒಬ್ಬರು ಹೊಗಳುವುದು, ಇನ್ನೊಬ್ಬರು ಬೈಯುವುದು ಇದಕ್ಕೇ. ವ್ಯತ್ಯಾಸ ಇರುವುದು ಅವರವರ ಮನೆಯ ಪ್ಲಗ್ಗುಗಳಲ್ಲಿ.

ದುಡ್ಡು ಖರ್ಚು ಮಾಡುವ ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಅಂತ ಹಿಡಿಯುವುದು ಕಷ್ಟವೇನಲ್ಲ. ಸ್ಪೀಕರಿನ ಬೆನ್ನಿನಿಂದ ಕೇಬಲ್ ಕಿತ್ತುಬಿಡಿ. ಆಗಲೂ ಸಣ್ಣಗೆ 'ಸ್ಸ್' ಅಂತ ಇದ್ದರೆ ಅದು ಸ್ಪೀಕರಿನ ಒಳಗಿನ ಆಂಪ್ಲಿಫೈಯರಿನದು, ಯಾವ ಕಾರ್ಡ್ ತಂದರೂ ಹೋಗದು. ಈಗ ಅದೇ ಕೇಬಲ್ ಫೋನಿಗೆ ಚುಚ್ಚಿ, ಚಾರ್ಜರ್ ಇಲ್ಲದೆ. ಸದ್ದು ಹೋಯಿತೇ? ಹಾಗಾದರೆ ಕೇಬಲ್ಲೂ ಸ್ಪೀಕರೂ ಸರಿ ಇವೆ, ತೊಂದರೆ ಕಂಪ್ಯೂಟರ್ ಕಡೆಯದು. ಲ್ಯಾಪ್‌ಟಾಪ್ ಆಗಿದ್ದರೆ ಇನ್ನೂ ಸುಲಭ, ಚಾರ್ಜರ್ ತೆಗೆಯಿರಿ. ಬ್ಯಾಟರಿಯಲ್ಲಿ ಸದ್ದು ಮಾಯವಾದರೆ ಅದು ಅರ್ತ್‌ನ ಸುತ್ತು, ಇಲ್ಲವೇ ಚಾರ್ಜರಿನ ಉಪದ್ರವ. ಕ್ಯಾಬಿನೆಟ್ಟಿನ ಮುಂದಿನ ಜ್ಯಾಕಿನಲ್ಲಿ ಚುಚ್ಚಿದ್ದರೆ ಹಿಂದಿನ ಹಸಿರು ಜ್ಯಾಕಿಗೆ ಬದಲಿಸಿ ನೋಡಿ. ಮುಂದಿನದಕ್ಕೆ ಹೋಗುವ ಸಣ್ಣ ತಂತಿ ಕ್ಯಾಬಿನೆಟ್ಟಿನ ಗದ್ದಲವನ್ನೆಲ್ಲ ದಾಟಿ ಹೋಗಬೇಕು. ಕೊನೆಗೆ ಕಂಪ್ಯೂಟರನ್ನೂ ಸ್ಪೀಕರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಇಷ್ಟರಲ್ಲೇ ಎಷ್ಟೋ ಜನರ ಸಮಸ್ಯೆ ಮುಗಿಯುತ್ತದೆ.

ನಮ್ಮ ಏರಿಯಾದ ಎಲೆಕ್ಟ್ರಿಷಿಯನ್ ಒಂದು ಉಪಾಯ ಹೇಳಿದ. "ಅರ್ತ್ ಪಿನ್ ಕಿತ್ತಾಕ್ಬಿಡಿ ಸಾರ್, ಗುಂಯ್ ಅನ್ನೋದು ನಿಲ್ಲುತ್ತೆ." ನಿಲ್ಲುತ್ತದೆ, ಸುಳ್ಳಲ್ಲ. ಆದರೆ ಒಳಗೆ ಏನಾದರೂ ಕೆಟ್ಟ ದಿನ 230 ವೋಲ್ಟ್ ನೇರವಾಗಿ ಲೋಹದ ಮೈಗೆ ಬರುತ್ತದೆ. ದಯವಿಟ್ಟು ಮಾಡಬೇಡಿ.

ಒಂದು ಅಡ್ಡ ಮಾತು. ಈ ಗುಂಯ್‌ಗೆ ಶ್ರುತಿ ಇದೆ. ಕರೆಂಟ್ 50 ಹರ್ಟ್ಜ್, ಸಣ್ಣ ಸ್ಪೀಕರಿನಲ್ಲಿ ಅದು ಅಷ್ಟಾಗಿ ಕೇಳುವುದಿಲ್ಲ, ಕೇಳುವುದು ಅದರ ದುಪ್ಪಟ್ಟು 100, ಆಮೇಲೆ 150. ಸಿ ಶ್ರುತಿ ಇಟ್ಟುಕೊಂಡು ಹಾಡುವ ಗಂಡು ದನಿಗೆ ಮಂದ್ರದ ಪಂಚಮ 98 ಹರ್ಟ್ಜ್. ಅಂದರೆ ನಮ್ಮ ಊರಿನ ಕರೆಂಟು ತಂಬೂರಿಯ ಜೊತೆ ಸ್ವಲ್ಪ ಏರಿದ ಪಂಚಮ ಹಿಡಿದು ಕೂತಿರುತ್ತದೆ. ಸಿನಿಮಾ ಹಾಡಿನಲ್ಲಿ ಗೊತ್ತಾಗದ ಗುಂಯ್ ಆಲಾಪನೆಯಲ್ಲಿ ತಲೆ ತಿನ್ನುವುದು ಇದಕ್ಕೇ ಇರಬೇಕು.

ತೂತು ನೋಡಿ ಆರಿಸುವುದು

ಅಂಗಡಿಯವರ ಪ್ರಶ್ನೆಗೆ ವಾಪಸ್ ಬರೋಣ. ನನ್ನ ಸ್ಪೀಕರಿನ ಆ ದಪ್ಪ ತೂತು ಬ್ಯಾಲೆನ್ಸ್ಡ್ ಇನ್‌ಪುಟ್. ಅದಕ್ಕೆ ಹಾಕುವ ಪಿನ್ನಿನ ಮೇಲೆ ಎರಡು ಕಪ್ಪು ಗೆರೆ ಇರುತ್ತವೆ. ಮೈಕ್‌ಸೆಟ್‌ನವರ ಪಿ-38ರಲ್ಲಿ ಒಂದೇ ಗೆರೆ. ನೋಡಲು ಒಂದೇ ಥರ, ಕೊಳ್ಳುವಾಗ ಗೆರೆ ಎಣಿಸಿ. ಬ್ಯಾಲೆನ್ಸ್ಡ್ ಕೇಬಲಿನಲ್ಲಿ ಹಾಡು ಎರಡು ತಂತಿಯಲ್ಲಿ ಹೋಗುತ್ತದೆ, ಒಂದರಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ತಲೆಕೆಳಗಾಗಿ. ಜಾಲರಿಗೆ ಹಾಡಿನ ಕೆಲಸವಿಲ್ಲ. ಸ್ಪೀಕರ್ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. ದಾರಿಯಲ್ಲಿ ಸೇರಿದ ಕಸ ಎರಡರಲ್ಲೂ ಒಂದೇ ಥರ ಇರುವುದರಿಂದ ಕಳೆದುಹೋಗುತ್ತದೆ. ಇದನ್ನು ಕೊಡುವ ಕಾರ್ಡ್ ಬೇಕು ಅಂದರೆ ಆಡಿಯೋಫೈಲ್ ಡ್ಯಾಕುಗಳ ಕಡೆ ನೋಡುವುದಕ್ಕಿಂತ ರೆಕಾರ್ಡಿಂಗ್ ಮಾಡುವವರ ಇಂಟರ್‌ಫೇಸುಗಳ ಕಡೆ ನೋಡುವುದು ಅಗ್ಗ. ಫೋಕಸ್‌ರೈಟ್‌ನ ಸ್ಕಾರ್ಲೆಟ್ 2ಐ2 ಥರದವು. ಜೊತೆಗೆ ಕೈಗೆ ಸಿಗುವ ದೊಡ್ಡ ವಾಲ್ಯೂಮ್ ಗುಂಡಿಯೂ ಬರುತ್ತದೆ, ನನಗೆ ಅದೇ ದೊಡ್ಡ ಸುಖ. ಮೈಕ್ ತೂತುಗಳು ಖಾಲಿ ಇರುತ್ತವೆ, ಇರಲಿ. ನಾನು ಇಂಥದ್ದೇ ಒಂದನ್ನು ತಂದೆ. ಚಿರ್ರ್ ಹೋಯಿತು.

ನಿಮ್ಮ ಸ್ಪೀಕರಿನಲ್ಲಿ ಬ್ಯಾಲೆನ್ಸ್ಡ್ ಇಲ್ಲ, ಆಪ್ಟಿಕಲ್ ಇದೆ ಅಂದರೆ ಇನ್ನೂ ಅದೃಷ್ಟ. ಟಾಸ್‌ಲಿಂಕ್ ಅನ್ನುವ ಈ ಕೇಬಲನ್ನು 1983ರಲ್ಲಿ ತೋಶಿಬಾ ತಂದದ್ದು. ಪ್ಲಾಸ್ಟಿಕ್ ಎಳೆಯೊಳಗೆ ಬೆಳಕು ಹೋಗುತ್ತದೆ. ತಂತಿಯೇ ಇಲ್ಲ ಅಂದ ಮೇಲೆ ಅರ್ತ್‌ನ ಸುತ್ತೂ ಇಲ್ಲ. ನಿಮ್ಮ ಮದರ್‌ಬೋರ್ಡಿನ ಹಿಂದೆ ಸಣ್ಣ ಚೌಕದ ತೂತು ಇದ್ದರೆ ಕಾರ್ಡನ್ನೇ ಕೊಳ್ಳಬೇಡಿ, ಕೇಬಲ್ ಒಂದು ಸಾಕು. ಕಂಪ್ಯೂಟರಿನ ಕೆಲಸ ಅಂಕಿಗಳನ್ನು ಕಳಿಸುವುದು, ಅದನ್ನು ಧ್ವನಿ ಮಾಡುವುದು ಸ್ಪೀಕರಿನ ಒಳಗಿನ ಡ್ಯಾಕ್.

ಬರೀ ಕೆಂಪು-ಬಿಳಿ ಆರ್‌ಸಿಎ ಇದ್ದರೆ? ಮೊದಲು ಹಸಿರು ಜ್ಯಾಕಿನಿಂದಲೇ ಕೇಳಿ. ಸದ್ದಿಲ್ಲದಿದ್ದರೆ ಅಲ್ಲಿಗೇ ನಿಲ್ಲಿ. ಸದ್ದಿದ್ದರೆ ಅಗ್ಗದ ಯುಎಸ್‌ಬಿ ಡಬ್ಬಿ ಪ್ರಯತ್ನಿಸಿ. ಬೆರಿಂಜರ್ ಯುಸಿಎ202 ಬಹಳ ಹಳೆಯದು, 16 ಬಿಟ್ 48 ಕಿಲೋಹರ್ಟ್ಜ್ ಮೇಲೆ ಹೋಗುವುದಿಲ್ಲ, ಆದರೂ ಆರ್‌ಸಿಎ ನೇರವಾಗಿ ಕೊಡುತ್ತದೆ. ಆಪಲ್‌ನ ಯುಎಸ್‌ಬಿ-ಸಿ ಡಾಂಗಲ್ ಬೆರಳಿನಷ್ಟಿದೆ, 1 ವೋಲ್ಟಿನ ತನಕ ಕೊಡುತ್ತದೆ, ಅಳೆದು ನೋಡಿದವರು ಹೊಗಳಿದ್ದಾರೆ. ಆಗಲೂ ಗುಂಯ್ ಹೋಗದಿದ್ದರೆ ಆ ಸುತ್ತನ್ನು ಕಡಿಯುವ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಒಂದು ಸಣ್ಣ ಡಬ್ಬಿ ಕಾರ್ ಸ್ಟೀರಿಯೋ ಅಂಗಡಿಗಳಲ್ಲಿ ಸಿಗುತ್ತದೆ, ಒಳಗೆ ಎರಡು ಟ್ರಾನ್ಸ್‌ಫಾರ್ಮರ್. ತೀರಾ ಅಗ್ಗದವು ತಗ್ಗಿನ ಸ್ವರವನ್ನು ತಿಂದುಹಾಕುತ್ತವೆ, ನೋಡಿಕೊಳ್ಳಿ.

ಹೆಡ್‌ಫೋನಿನವರ ಲೆಕ್ಕವೇ ಬೇರೆ. ಅಲ್ಲಿ ಕಾರ್ಡಿನ ಶಕ್ತಿ, ಔಟ್‌ಪುಟ್ ಇಂಪೆಡೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಓಮ್‌ನಲ್ಲಿ ಅಳೆಯುತ್ತಾರೆ) ಎಲ್ಲ ಮುಖ್ಯ. ಆಂಪ್ಲಿಫೈಯರ್ ಒಳಗೇ ಇರುವ ಸ್ಪೀಕರಿನ ಇನ್‌ಪುಟ್ ಸಾಮಾನ್ಯವಾಗಿ 10 ಕಿಲೋ ಓಮ್ ಅಥವಾ ಅದಕ್ಕೂ ಜಾಸ್ತಿ, ಕಾರ್ಡಿನಿಂದ ಹೆಚ್ಚೇನೂ ಕರೆಂಟ್ ಎಳೆಯುವುದಿಲ್ಲ. ಹೆಡ್‌ಫೋನಿಗಾಗಿ ಬರೆದ ವಿಮರ್ಶೆ ಓದಿ ಸ್ಪೀಕರಿಗೆ ಕಾರ್ಡ್ ಕೊಳ್ಳಬೇಡಿ ಅನ್ನುವುದು ಇದಕ್ಕೆ.

ಫ್ಯಾನು, ಗ್ರಾನೈಟು, ಅಮ್ಮನ ಪೊರಕೆ

ರಾತ್ರಿ ಹನ್ನೊಂದರ ಮೇಲೆ ಕಿಟಕಿ ಮುಚ್ಚಿದರೆ ನಮ್ಮ ಕೋಣೆಯ ಸದ್ದು 30 ಡೆಸಿಬೆಲ್ ಹತ್ತಿರ ಬರಬಹುದು. ಫ್ಯಾನ್ ಹಾಕಿದರೆ 40ರ ಆಸುಪಾಸು. ಹಗಲಲ್ಲಿ ಕುಕ್ಕರ್ ಕೂಗು, ಬೋರ್‌ವೆಲ್ ಲಾರಿ, ಕಸದ ಆಟೋದ ಹಾಡು, ಪಕ್ಕದ ಸೈಟಿನಲ್ಲಿ ಟೈಲ್ಸ್ ಕೊಯ್ಯುವ ಯಂತ್ರ. ಹಾಡಿನ ತಾರಕ 90ಕ್ಕೆ ಮುಟ್ಟಿದರೂ ನಮಗೆ ನಿಜಕ್ಕೂ ಸಿಗುವ ಜಾಗ 50 ಡೆಸಿಬೆಲ್. 96 ಕೊಡುವ ಸಿಡಿಯನ್ನೇ ಪೂರ್ತಿ ಬಳಸಲಾಗದ ಕೋಣೆಯಲ್ಲಿ 120ರ ಡ್ಯಾಕ್ ಏನು ಮಾಡಬೇಕು ಪಾಪ? ಅದೂ ನಾನು ಜಾಸ್ತಿ ಕೇಳುವುದು ಹಳೆಯ ಕಚೇರಿಗಳನ್ನು. ಯಾರೋ ರೇಡಿಯೋದಿಂದ ಕ್ಯಾಸೆಟ್ಟಿಗೆ ತುಂಬಿಕೊಂಡದ್ದು, ಮೊನೊ, ಹಿಸ್ ಸಮೇತ.

ಕೋಣೆಯ ವಿಷಯಕ್ಕೆ ಬಂದರೆ ನಮ್ಮ ಫ್ಲ್ಯಾಟುಗಳು ಹಾಡಿನ ಶತ್ರುಗಳು. ನೆಲ ಗ್ರಾನೈಟ್ ಅಥವಾ ಟೈಲ್ಸ್, ಗೋಡೆ ಬೋಳು, ಒಂದು ಕಡೆ ಪೂರ್ತಿ ಗಾಜು. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ, ಟಣ್ ಅಂತ ವಾಪಸ್ ಬರುತ್ತದೆ. ಸ್ಪೀಕರಿನ ಮುಂದೆ ಒಂದು ಜಮಖಾನೆ, ಕಿಟಕಿಗೆ ದಪ್ಪ ಪರದೆ, ಪಕ್ಕದ ಗೋಡೆಗೆ ಪುಸ್ತಕದ ಕಪಾಟು. ಇಷ್ಟರಿಂದ ಆಗುವ ಬದಲಾವಣೆಗೆ ಗೋಡೆ ಕಡೆ ಮುಖ ಮಾಡಿ ಪರೀಕ್ಷೆ ಬರೆಯಬೇಕಾಗಿಲ್ಲ. ಒಳಗೆ ಬಂದವರು ತಾವಾಗೇ ಕೇಳುತ್ತಾರೆ.

ಇನ್ನು ಸ್ಪೀಕರ್ ಇಡುವ ಜಾಗ. ಗೋಡೆಗೆ ಒತ್ತಿ ಇಟ್ಟರೆ ತಗ್ಗಿನ ಸ್ವರ 6 ಡೆಸಿಬೆಲ್ ತನಕ ಏರಬಹುದು, ಮೂಲೆಗೆ ತಳ್ಳಿದರೆ ಎರಡು ಗೋಡೆ ಸೇರಿ ಇನ್ನೂ ಜಾಸ್ತಿ. ಮೃದಂಗದ ತೊಪ್ಪಿ ಮನೆ ತುಂಬಾ ಗುಮ್ಮೆನ್ನುತ್ತದೆ. ನಾನು ಗೋಡೆಯಿಂದ ಒಂದಡಿ ಮುಂದೆ ಎಳೆದಿಟ್ಟೆ. ಅಮ್ಮ ಬೆಳಗ್ಗೆ ಪೊರಕೆ ಹಿಡಿದು ಬಂದವರು, "ಅದ್ಯಾಕೋ ದಾರಿಗೆ ಅಡ್ಡ ಇಟ್ಟಿದೀಯ, ಗುಡಿಸೋದ್ ಬೇಡ್ವಾ?" ಅಂತ ವಾಪಸ್ ಒತ್ತಿಟ್ಟರು. ನಾನು ಸಂಜೆ ಎಳೆಯುವುದು, ಅವರು ಬೆಳಗ್ಗೆ ಒತ್ತುವುದು. ಆ ಒಂದಡಿಯಲ್ಲಿ ಕೇಳುವ ವ್ಯತ್ಯಾಸ ನಾನು ಕೇಳಿದ ಯಾವ ಎರಡು ಕಾರ್ಡುಗಳ ನಡುವೆಯೂ ಇರಲಿಲ್ಲ. ಈಗ ನೆಲದ ಮೇಲೆ ಟೇಪ್ ಅಂಟಿಸಿದ್ದೇನೆ. ಗುಡಿಸಿದ ಮೇಲೆ ಅಮ್ಮನೇ ಟೇಪಿಗೆ ಸರಿಯಾಗಿ ಇಡುತ್ತಾರೆ, ಗೊಣಗಿಕೊಂಡು.

ಉಳಿದ ಚೂರುಪಾರು

ವಿಂಡೋಸಿನಲ್ಲಿ ಆಡಿಯೋ ಎನ್‌ಹಾನ್ಸ್‌ಮೆಂಟ್ ಅಂತ ಇರುವುದನ್ನು ಆಫ್ ಮಾಡಿ. ಬೇಡದಿದ್ದರೂ ಸೇರಿಸುವ ಗುಮ್ಮು, ಪ್ರತಿಧ್ವನಿ ಅಲ್ಲಿಂದಲೇ ಬರುವುದು. ಫಾರ್ಮ್ಯಾಟ್ 24 ಬಿಟ್ ಇಡಿ. 24 ಬಿಟ್ಟಿನಲ್ಲಿ ಕಂಪ್ಯೂಟರಿನ ವಾಲ್ಯೂಮ್ ಇಳಿಸಿದರೂ ಕಿವಿಗೆ ಗೊತ್ತಾಗುವ ನಷ್ಟವಿಲ್ಲ, ಆ ಹೆದರಿಕೆ ಹಳೆಯ ಕಾಲದ್ದು. ಯೂಟ್ಯೂಬ್ ಜಾಸ್ತಿ ಕೇಳುವವರು 48 ಕಿಲೋಹರ್ಟ್ಜ್ ಇಡಿ, ಸಿಡಿಯಿಂದ ತೆಗೆದ ಹಾಡು ಜಾಸ್ತಿ ಇರುವವರು 44.1. ಬದಲಿಸದೆ ಬಿಟ್ಟರೂ ಏನೂ ಆಗುವುದಿಲ್ಲ. ಡ್ರೈವರ್ ಬೇಕಾ ಅನ್ನುವುದು ಇನ್ನೊಂದು ಚಿಂತೆ. 2017ರ ವಿಂಡೋಸ್ 10ರ ಅಪ್‌ಡೇಟ್ ಆದಮೇಲೆ ಬಹುತೇಕ ಯುಎಸ್‌ಬಿ ಡ್ಯಾಕುಗಳು ಚುಚ್ಚಿದರೆ ಸಾಕು, ಕೆಲಸ ಮಾಡುತ್ತವೆ. ಲಿನಕ್ಸ್, ಮ್ಯಾಕ್ ಕಡೆಯವರಿಗೆ ಈ ತೊಂದರೆ ಮೊದಲೇ ಇರಲಿಲ್ಲ.

ಆಂಪ್ಲಿಫೈಯರ್ ಬೇರೆ, ಸ್ಪೀಕರ್ ಬೇರೆ ಇರುವವರು ಆಂಪ್ಲಿಫೈಯರಿನ ಬೆನ್ನನ್ನು ಒಮ್ಮೆ ಟಾರ್ಚ್ ಹಾಕಿ ನೋಡಿ. ಈಚಿನ ಎಷ್ಟೋ ಸೆಟ್ಟುಗಳಲ್ಲಿ ಆಪ್ಟಿಕಲ್ ತೂತು ಇರುತ್ತದೆ, ಕೆಲವದರಲ್ಲಿ ಕಂಪ್ಯೂಟರಿಗೆ ಅಂತಲೇ ಚೌಕದ ಯುಎಸ್‌ಬಿ ಇರುತ್ತದೆ, ಪ್ರಿಂಟರಿಗೆ ಇರುವಂಥದ್ದು. ಪೆನ್‌ಡ್ರೈವ್ ಹಾಕುವ ಚಪ್ಪಟೆ ತೂತು ಬೇರೆ, ಅದಕ್ಕೆ ಕಂಪ್ಯೂಟರ್ ಚುಚ್ಚಿದರೆ ಏನೂ ಬರಲ್ಲ. ಚೌಕದ್ದು ಇದ್ದರೆ ಸೌಂಡ್ ಕಾರ್ಡ್ ನಿಮ್ಮ ಮನೆಯಲ್ಲಿ ಆಗಲೇ ಇದೆ. ಎಸ್‌ಪಿ ರೋಡಿಗೆ ಹೋದರೆ ಒಂದು ಪ್ರಿಂಟರ್ ಕೇಬಲ್ ತಂದುಕೊಳ್ಳಿ, ಸಾಕು.